ಏಳುಮಲೆಯ ರಾಕ್ಷಸ ಬೇಟೆ: ಕಂಸಾಳೆಯಿಂದ ವಿಡಿಯೋ ಗೇಮಿನವರೆಗೆ

ರಾಕ್ಷಸ ಸಂಹಾರದ ಕತೆ ಇಲ್ಲದ ನಾಡು ಲೋಕದಲ್ಲಿ ಇರಲಿಕ್ಕಿಲ್ಲ. ಅಜ್ಜಿಯರ ಕತೆಗಳಲ್ಲಿ ರಾಕ್ಷಸ ಏಳು ಕಡಲಿನಾಚೆ ಗಿಳಿಯೊಂದರಲ್ಲಿ ತನ್ನ ಪ್ರಾಣವನ್ನು ಬಚ್ಚಿಟ್ಟಿರುತ್ತಿದ್ದ. ನಾಟಕ, ಬಯಲಾಟಗಳಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಅಬ್ಬರಿಸುತ್ತಾ ರಂಗಕ್ಕೆ ಬರುತ್ತಿದ್ದ. ಇಂದಿನ ಮಕ್ಕಳಿಗೆ ಅವನು ಸಿಗುವುದು ಕಂಪ್ಯೂಟರ್ ಅಥವಾ ಮೊಬೈಲಿನ ಪರದೆಯ ಮೇಲೆ. ಹಿಂದೆ ರಾಕ್ಷಸನನ್ನು ಕೊಲ್ಲುವವನು ಕತೆಯ ನಾಯಕನಾಗಿದ್ದ. ಉಳಿದವರು ಕೇಳುತ್ತಾ ಕೂತಿರುತ್ತಿದ್ದರು. ಈಗ ಕೊಲ್ಲುವ ಗುಂಡಿ ಆಡುವವನ ಹೆಬ್ಬೆರಳಿನ ಕೆಳಗೇ ಇದೆ.

ಇಂಥ ಆಟಗಳ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ಜಾಡಿನದು. ಕಣ್ಣು ಹಾಳಾಗುತ್ತದೆ, ಓದು ಕೆಡುತ್ತದೆ, ಮನಸ್ಸು ಕ್ರೂರವಾಗುತ್ತದೆ ಎಂಬ ಆತಂಕ. ಆ ಆತಂಕ ಅದರ ಜಾಗದಲ್ಲಿರಲಿ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ರಾಕ್ಷಸ ಎಂದರೆ ಯಾರು? ಅವನನ್ನು ಗುರುತಿಸುವುದು ಹೇಗೆ? ಅವನು ಸತ್ತ ಮೇಲೆ ಏನಾಗಬೇಕು? ಈ ಪ್ರಶ್ನೆಗಳಿಗೆ ಜಪಾನಿನಲ್ಲಿ ತಯಾರಾದ ಒಂದು ಪ್ರಸಿದ್ಧ ಆಟ ತನ್ನದೇ ಉತ್ತರ ಕೊಡುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ತಲೆಮಾರುಗಳಿಂದ ಹಾಡುತ್ತಾ ಬಂದ ಕತೆ ಇನ್ನೊಂದು ಉತ್ತರ ಕೊಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಅದೇ ಬೆಟ್ಟಗಳಲ್ಲಿ ನಮ್ಮ ಕಾಲದಲ್ಲಿಯೇ ನಡೆದ ಮೂರನೆಯ ಬೇಟೆಯೊಂದರ ಅರ್ಥವೂ ಸ್ವಲ್ಪ ತಿಳಿಯಾಗುತ್ತದೆ.

ಕೋಟೆಯೊಳಗಿನ ಆಟ

ಆ ಆಟದ ಹೆಸರು 'ಡೆವಿಲ್ ಮೇ ಕ್ರೈ'. ಸೈತಾನನೂ ಅತ್ತಾನು ಎಂದು ಕನ್ನಡದಲ್ಲಿ ಹೇಳಬಹುದು. ಜಪಾನಿನ ಕ್ಯಾಪ್‌ಕಾಮ್ ಕಂಪೆನಿ ಇದನ್ನು 2001ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಬಿಡುಗಡೆ ಮಾಡಿತು. ನಿರ್ದೇಶಕ ಹಿಡೆಕಿ ಕಾಮಿಯಾ. 1998ರಲ್ಲಿ 'ರೆಸಿಡೆಂಟ್ ಈವಿಲ್ 2' ಎಂಬ ಭಯಾನಕ ಆಟವನ್ನು ನಿರ್ದೇಶಿಸಿ ಹೆಸರಾಗಿದ್ದವರು. ಅದೇ ಸರಣಿಯ ನಾಲ್ಕನೆಯ ಆಟವನ್ನು ಸಿದ್ಧಪಡಿಸುವ ಕೆಲಸ ಅವರ ತಂಡಕ್ಕೆ ಬಂತು. ತಂಡದವರು ಯುರೋಪಿಗೆ ಹೋಗಿ ಹಳೆಯ ಕಟ್ಟಡಗಳ, ಶಿಲ್ಪಗಳ, ಕಲ್ಲು ಹಾಸುಗಳ ಚಿತ್ರಗಳನ್ನು ತೆಗೆದುಕೊಂಡು ಬಂದರು. ಕತ್ತಲೆ ತುಂಬಿದ ಕೋಟೆ, ಚೂಪು ಕಮಾನು, ರೆಕ್ಕೆಯ ವಿಕಾರ ಶಿಲ್ಪಗಳಿಂದ ಭಯ ಹುಟ್ಟಿಸುವ ಈ ಬಗೆಗೆ 'ಗೋಥಿಕ್' ಎಂಬ ಹೆಸರಿದೆ.

ಆದರೆ ಕೆಲಸ ಮುಂದುವರಿದಂತೆ ಆಟದ ಸ್ವಭಾವವೇ ಬದಲಾಯಿತು. ಹಳೆಯ ಸರಣಿಯಲ್ಲಿ ಆಡುವವನ ಬಳಿ ಗುಂಡುಗಳು ಕಡಿಮೆ. ಹೆದರಿ ಓಡುವುದೇ ಆಟ. ಕಾಮಿಯಾ ರೂಪಿಸಿದ ನಾಯಕನಾದರೋ ಯಾರಿಗೂ ಹೆದರುವವನಲ್ಲ. ಇದು ಆ ಸರಣಿಗೆ ಹೊಂದುವುದಿಲ್ಲ ಎಂದು ನಿರ್ಮಾಪಕ ಶಿಂಜಿ ಮಿಕಾಮಿ ಕಂಡುಕೊಂಡರು. ಮಾಡಿದ ಕೆಲಸವನ್ನು ಬಿಸಾಡದೆ ಅದನ್ನೇ ಬೇರೆ ಆಟವಾಗಿ ಬೆಳೆಸಲಾಯಿತು. ಹೊಡೆದಾಟದ ಮುಖ್ಯ ಚಮತ್ಕಾರವೂ ಒಂದು ತಪ್ಪಿನಿಂದಲೇ ಬಂತು. ಅದೇ ಕಂಪೆನಿಯ 'ಒನಿಮುಶಾ' ಎಂಬ ಆಟದಲ್ಲಿ ಒಂದು ದೋಷದಿಂದಾಗಿ, ಕತ್ತಿ ಬೀಸುತ್ತಿದ್ದಷ್ಟು ಹೊತ್ತು ಶತ್ರು ನೆಲಕ್ಕೆ ಬೀಳದೆ ಗಾಳಿಯಲ್ಲೇ ಇರುತ್ತಿದ್ದ. ಅದನ್ನು ಕಂಡ ಕಾಮಿಯಾ ಆ ದೋಷವನ್ನೇ ತನ್ನ ಆಟದ ಸೊಗಸನ್ನಾಗಿ ಮಾಡಿಕೊಂಡರು.

ಆಡುವ ಬಗೆ ಹೀಗಿದೆ. ಡಾಂಟೆ ಎಂಬ ಬಾಡಿಗೆ ಬೇಟೆಗಾರನೊಬ್ಬ ಒಂದು ದ್ವೀಪದ ಕೋಟೆಯನ್ನು ಹೊಕ್ಕು, 23 ಘಟ್ಟಗಳನ್ನು ದಾಟಿ, ಮುಂಡಸ್ ಎಂಬ ಪಿಶಾಚಿಗಳ ದೊರೆಯನ್ನು ಸೋಲಿಸಬೇಕು. ಒಂದು ಕೈಯಲ್ಲಿ ಕತ್ತಿ. ಜತೆಗೆ ಜೋಡಿ ಪಿಸ್ತೂಲು. ಶತ್ರುವನ್ನು ಕತ್ತಿಯಿಂದ ಮೇಲಕ್ಕೆ ಎತ್ತಿ ಎಸೆದು, ಪಿಸ್ತೂಲಿನಿಂದ ಅವನನ್ನು ಗಾಳಿಯಲ್ಲೇ ನಿಲ್ಲಿಸಿ, ಕೆಳಗೆ ಬೀಳುವ ಮೊದಲು ಮತ್ತೆ ಹೊಡೆಯುವುದು. ಸತ್ತ ಶತ್ರುಗಳಿಂದ ಕೆಂಪು ಹರಳುಗಳು ಉದುರುತ್ತವೆ. ಅವನ್ನು ಕೊಟ್ಟು ಹೊಸ ಪಟ್ಟುಗಳನ್ನು ಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೊಂದರಷ್ಟೇ ಸಾಲದು, ಚೆಂದವಾಗಿ ಕೊಲ್ಲಬೇಕು. ಪೆಟ್ಟು ತಿನ್ನದೆ, ಬಿಡುವು ಕೊಡದೆ ಹೊಡೆದಂತೆಲ್ಲ ಪರದೆಯ ಮೇಲೆ ಅಂಕಪಟ್ಟಿ ಏರುತ್ತದೆ. 'ಡಲ್' ಎಂದು ಶುರುವಾಗಿ 'ಕೂಲ್', 'ಬ್ರಾವೋ', 'ಆಬ್ಸೊಲ್ಯೂಟ್' ದಾಟಿ ಕೊನೆಗೆ 'ಸ್ಟೈಲಿಶ್' ಎಂಬ ಬಿರುದು. ಮುಂದೆ ಬಂದ ಅನೇಕ ಹೊಡೆದಾಟದ ಆಟಗಳಿಗೆ ಇದೇ ಮಾದರಿಯಾಯಿತು. ಸರಣಿಯ ಐದನೆಯ ಆಟ 2019ರಲ್ಲಿ ಬಂತು. ಮೊಬೈಲಿನ ಆವೃತ್ತಿ 2024ರಲ್ಲಿ, ಆದಿ ಶಂಕರ್ ಅವರ ಆ್ಯನಿಮೇಷನ್ ಸರಣಿ 2025ರಲ್ಲಿ ಬಂದವು.

ಇಷ್ಟೇ ಆಗಿದ್ದರೆ ಇದನ್ನು ಬರೀ ಕೊಲ್ಲುವ ಆಟವೆಂದು ಬದಿಗಿಡಬಹುದಿತ್ತು. ಆದರೆ ಅದರ ಕತೆಯಲ್ಲಿ ಒಂದು ಎಳೆ ಇದೆ. ಡಾಂಟೆಯ ತಾಯಿ ಮನುಷ್ಯಳು, ತಂದೆ ಸ್ಪಾರ್ಡಾ ಪಿಶಾಚಿ. ಎರಡು ಸಾವಿರ ವರ್ಷಗಳ ಹಿಂದೆ ತನ್ನವರು ಮನುಷ್ಯರ ಮೇಲೆ ನಡೆಸಿದ ದಾಳಿಯನ್ನು ಕಂಡು ಸಹಿಸಲಾರದೆ, ತನ್ನ ಕುಲದ ವಿರುದ್ಧವೇ ಕತ್ತಿ ಎತ್ತಿದವನು ಸ್ಪಾರ್ಡಾ. ಡಾಂಟೆಯನ್ನು ಬಲಿ ಹಾಕಲು ಮುಂಡಸ್ ಸೃಷ್ಟಿಸಿ ಕಳಿಸಿದ ಟ್ರಿಶ್ ಎಂಬವಳು ಕೊನೆಗೆ ಕಣ್ಣೀರು ಹಾಕುತ್ತಾಳೆ. ಅಳುವುದು ಮನುಷ್ಯರಿಗಷ್ಟೇ ಸಾಧ್ಯ, ಆದ್ದರಿಂದ ನೀನು ಮನುಷ್ಯಳೇ ಎಂಬ ಅರ್ಥದ ಮಾತನ್ನು ಡಾಂಟೆ ಹೇಳುತ್ತಾನೆ. ಹುಟ್ಟು ಯಾರನ್ನೂ ರಾಕ್ಷಸನನ್ನಾಗಿ ಮಾಡುವುದಿಲ್ಲ ಎಂಬುದು ಆಟದ ಕತೆ ಹೇಳುವ ಮಾತು. ಆದರೆ ಆಡುವವನ ಕೈಗೆ ಅಂಕ ಸಿಗುವುದು ಈ ತಿಳಿವಳಿಕೆಗಾಗಿ ಅಲ್ಲ. ಕತೆ ಒಂದು ಹೇಳುತ್ತದೆ, ಅಂಕಪಟ್ಟಿ ಇನ್ನೊಂದನ್ನು ಎಣಿಸುತ್ತದೆ.

ಮಾದಪ್ಪನ ಉಪಾಯ

ಈಗ ನಮ್ಮ ಬೆಟ್ಟಗಳಿಗೆ ಬರೋಣ. ಕೊಳ್ಳೇಗಾಲದಿಂದ ಹನೂರು ದಾಟಿ, ಸುಮಾರು 80 ಕಿಲೋಮೀಟರ್ ಸಾಗಿದರೆ ಮಲೆ ಮಹದೇಶ್ವರ ಬೆಟ್ಟ. ಆಡಳಿತದ ಗೆರೆಗಳು ಈ ಸೀಮೆಯಲ್ಲಿ ಮತ್ತೆ ಮತ್ತೆ ಬದಲಾಗಿವೆ. 1956ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ ಸೀಮೆ. 1997ರಲ್ಲಿ ಎರಡೂ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದವು. ಹನೂರು ಇತ್ತೀಚೆಗಷ್ಟೇ ಕೊಳ್ಳೇಗಾಲದಿಂದ ಬೇರೆಯಾಗಿ ತಾಲೂಕಾಯಿತು. ಗೆರೆಗಳು ಏನೇ ಆದರೂ ಜನ ಮಾತ್ರ ಬೆರೆತೇ ಬದುಕಿದ್ದಾರೆ. ಮಾದಪ್ಪನ ಬೆಟ್ಟಕ್ಕೆ ಕನ್ನಡಿಗರಂತೆ ತಮಿಳರೂ ಹತ್ತುತ್ತಾರೆ. ಶಿವನಸಮುದ್ರದಲ್ಲಿ ಹಝ್ರತ್ ಮರ್ದಾನೆ ಗೈಬ್ ದರ್ಗಾ ಇದೆ. ಬಿಳಿಗಿರಿಯಲ್ಲಿ ರಂಗನಾಥನಿದ್ದಾನೆ.

ಮಹದೇಶ್ವರರು 14–15ನೇ ಶತಮಾನದ ಆಸುಪಾಸಿನಲ್ಲಿ ಇದ್ದಿರಬೇಕೆಂದು ಹೇಳುವುದುಂಟು. ಆದರೆ ಜನ ಅವರನ್ನು ನೆನಪಿಟ್ಟುಕೊಂಡಿರುವುದು ಶಾಸನಗಳಿಂದಲ್ಲ, ಹಾಡಿನಿಂದ. ಆ ಹಾಡು ಎಷ್ಟೋ ರಾತ್ರಿಗಳಿಗೆ ಆಗುವಷ್ಟು ಉದ್ದದ್ದು. ಅದರ ಒಂದೊಂದು ಭಾಗಕ್ಕೂ 'ಸಾಲು' ಎಂಬ ಹೆಸರು. ಇದನ್ನು ಹಾಡುವವರು ದೇವರ ಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಊರೂರು ತಿರುಗಿ ಹಾಡಿ ಭಿಕ್ಷೆ ಪಡೆದವರು. ಅವರಲ್ಲಿ ಹೆಚ್ಚಿನವರು ಅಕ್ಷರ ಕಲಿಯದವರು. ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು 1970ರ ದಶಕದಲ್ಲಿ ಈ ಕಾವ್ಯವನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದ ಮೇಲೆಯೇ ಓದುವ ಕನ್ನಡಿಗರಿಗೆ ಇದರ ಎತ್ತರ ತಿಳಿದದ್ದು.

ಈ ಕಾವ್ಯದ ರಾಕ್ಷಸನ ಹೆಸರು ಶ್ರವಣ, ಬಂಕಾಪುರಿಯ ಅರಸ. ಘೋರ ತಪಸ್ಸು ಮಾಡಿ ವರ ಪಡೆದವನು. ಅಂದರೆ ಅವನೂ ಭಕ್ತನೇ. ಹೊರಗಿನಿಂದ ಬಂದವನಲ್ಲ, ವಿಕಾರ ಮುಖದವನೆಂಬುದೂ ಮುಖ್ಯವಲ್ಲ. ಹಾಗಾದರೆ ಅವನು ರಾಕ್ಷಸನಾದದ್ದು ಹೇಗೆ? ವರ ಸಿಕ್ಕಿದ ಮೇಲೆ ಅವನು ದೇವಾನುದೇವತೆಗಳನ್ನೆಲ್ಲ ಸೆರೆ ಹಿಡಿದು, ತನ್ನ ಮನೆಯ ಜೀತಕ್ಕೆ ಹಚ್ಚಿದ. ಪೂಜೆ ಮಾಡಿಸಿಕೊಳ್ಳುತ್ತಿದ್ದವರು ಅವನ ಮನೆಯ ಚಾಕರಿಗೆ ನಿಂತರು. ಇಲ್ಲಿ ಗುಡ್ಡರ ಜಾಣ್ಮೆಯನ್ನು ಗಮನಿಸಬೇಕು. ಈ ಹಾಡನ್ನು ಕೇಳುತ್ತಿದ್ದವರು ಜೀತ ಎಂದರೇನೆಂದು ಪುಸ್ತಕ ಓದಿ ತಿಳಿದವರಲ್ಲ. ಸಾಲಕ್ಕೆ ಮಗನನ್ನು ಗೌಡನ ಮನೆಯಲ್ಲಿ ಬಿಟ್ಟ ತಂದೆ ಆ ಸಭೆಯಲ್ಲಿ ಕೂತಿರಬಹುದು. ದೇವರುಗಳೇ ಜೀತ ಮಾಡುತ್ತಿದ್ದಾರೆ ಎಂದು ಕೇಳಿದಾಗ ಅವನಿಗೆ ರಾಕ್ಷಸನ ವಿಳಾಸ ಬೇರೆ ಹೇಳಬೇಕಾಗಿರಲಿಲ್ಲ.

ಶ್ರವಣನನ್ನು ಗೆಲ್ಲಲು ಮಾದಪ್ಪ ಹುಲಿ ಏರಿ ಕತ್ತಿ ಬೀಸಿಕೊಂಡು ಹೋಗುವುದಿಲ್ಲ. ಅವನು ಶ್ರವಣನ ಬಳಿಗೆ ಹೋಗಿ, ಅವನಿಗೊಪ್ಪುವ ಪಾದರಕ್ಷೆ ಮಾಡಿಸಿಕೊಡುವ ಮಾತಾಡುತ್ತಾನೆ. ಪಾದರಕ್ಷೆ ಹೊಲಿಯಲು ಅವನು ನೆರವು ಕೇಳುವುದು ಹರಳಯ್ಯನನ್ನು, ಅಂದರೆ ಚಮ್ಮಾರನನ್ನು. ವಿವರಗಳು ಹಾಡುವವರಿಂದ ಹಾಡುವವರಿಗೆ ಬದಲಾಗುತ್ತವೆ. ತಿರುಳು ಮಾತ್ರ ಒಂದೇ: ಯಾವ ಆಯುಧಕ್ಕೂ ಬಗ್ಗದ ಅರಸ ತಾನೇ ಆಸೆಪಟ್ಟು ಮೆಟ್ಟಿದ ಎಕ್ಕಡದಿಂದ ಸಾಯುತ್ತಾನೆ. ಸೆರೆಯಲ್ಲಿದ್ದವರು ಬಿಡುಗಡೆಯಾಗುತ್ತಾರೆ.

ಹರಳಯ್ಯ ಎಂಬ ಹೆಸರು ಬರಿದೇ ಬಂದದ್ದಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳನ ಆಳ್ವಿಕೆ ಕೊಟ್ಟ ಶಿಕ್ಷೆ ಘೋರವಾದದ್ದು ಎಂದು ಶರಣರ ಕತೆಗಳು ಹೇಳುತ್ತವೆ. ಕಲ್ಯಾಣದಲ್ಲಿ ಅರಸನ ಕೈಯಲ್ಲಿ ಸತ್ತ ಹರಳಯ್ಯ, ಏಳುಮಲೆಯಲ್ಲಿ ಅರಸನ ಸಾವಿಗೆ ಎಕ್ಕಡ ಹೊಲಿಯುತ್ತಾನೆ. ಇತಿಹಾಸದಲ್ಲಿ ಸೋತವರಿಗೆ ಜನಪದರು ಹಾಡಿನಲ್ಲಿ ಕೊಡುವ ನ್ಯಾಯ ಹೀಗಿರುತ್ತದೆ.

ಪಕ್ಕದ ಯಳಂದೂರು ತಾಲೂಕಿನ ಬಿಳಿಗಿರಿಯಲ್ಲೂ ಇದೇ ಎಕ್ಕಡ ಇನ್ನೊಂದು ರೂಪದಲ್ಲಿದೆ. ಅಲ್ಲಿ ರಂಗನಾಥ ರಾತ್ರಿ ಕಾಡಿನಲ್ಲಿ ಅಡ್ಡಾಡುತ್ತಾನೆಂಬ ನಂಬಿಕೆ. ಅವನಿಗಾಗಿ ಬೂದಿತಿಟ್ಟು ಗ್ರಾಮದ ಮಾದಿಗ ಸಮುದಾಯದವರು ಎರಡು ವರ್ಷಕ್ಕೊಮ್ಮೆ ಒಂದು ಅಡಿ ಒಂಬತ್ತು ಅಂಗುಲದ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುತ್ತಾರೆ. ಅವನ್ನು ತಲೆಗೆ ಮುಟ್ಟಿಸಿಕೊಂಡು ಭಕ್ತರು ಆಶೀರ್ವಾದ ಪಡೆಯುತ್ತಾರೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನಾದ್ದರಿಂದ ರಂಗನಾಥ ಸೋಲಿಗರಿಗೆ ಭಾವ. ಒಂದು ಬೆಟ್ಟದಲ್ಲಿ ರಾಕ್ಷಸನನ್ನು ಕೊಂದ ಕೈಕಸುಬು, ಇನ್ನೊಂದು ಬೆಟ್ಟದಲ್ಲಿ ದೇವರ ಪಾದ ಕಾಯುತ್ತದೆ. ಊರಿನಲ್ಲಿ ಯಾರ ನೆರಳನ್ನು ದೂರ ಇಟ್ಟರೋ ಅವರ ಕೈಯಿಲ್ಲದೆ ಕಾಡಿನ ಕತೆ ಮುಂದೆ ಸಾಗುವುದಿಲ್ಲ.

ರಾಕ್ಷಸ ಮನೆಯೊಳಗೂ ಇರಬಹುದೆಂದು ಈ ಕಾವ್ಯಕ್ಕೆ ಗೊತ್ತಿದೆ. ಸಂಕಮ್ಮನ ಸಾಲಿನಲ್ಲಿ ಸೋಲಿಗರ ನೀಲೇಗೌಡ ಜೇನು ಕೀಳಲು ಹೊರಡುವ ಮುನ್ನ, ತಾನಿಲ್ಲದಾಗ ಶೀಲವಂತಳಾಗಿರುವುದಾಗಿ ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಅವಳು ಒಪ್ಪದಿದ್ದಾಗ ಹಿಂಸಿಸಿ ಕಟ್ಟಿಹಾಕಿ ಹೋಗುತ್ತಾನೆ. ಅಲ್ಲಿಗೂ ಮಾದಪ್ಪ ಬರುತ್ತಾನೆ. ಬಂದು ಮೊದಲು ಮಾಡುವುದು ಅವಳ ಸೆರೆ ಬಿಡಿಸುವುದನ್ನು. ಶ್ರವಣನ ಅರಮನೆಯಾಗಲಿ, ಸಂಕಮ್ಮನ ಗುಡಿಸಲಾಗಲಿ, ಕಾವ್ಯದ ಲೆಕ್ಕ ಒಂದೇ: ಇನ್ನೊಬ್ಬರನ್ನು ಸೆರೆಯಲ್ಲಿಟ್ಟವನೇ ರಾಕ್ಷಸ.

ಬೀಸು ಕಂಸಾಳೆಯ ಪಟ್ಟುಗಳು

ಕತೆಯ ಜೊತೆಗೆ ಆಟವೂ ಇದೆ. ಕಂಸಾಳೆ ಎಂದರೆ ಕಂಚಿನ ಜೋಡಿ ತಾಳ. ಎಡಗೈಯಲ್ಲಿ ಬಟ್ಟಲಿನಂಥದು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆಯದು. ಕೂತು ಕತೆ ಹಾಡುವಾಗ ಅದು ತಾಳ. ಎದ್ದು ನಿಂತರೆ ಅದು ಬೀಸು ಕಂಸಾಳೆ. ಬಲಗೈಯ ತಾಳವನ್ನು ದಾರದ ತುದಿಯಲ್ಲಿ ತಲೆಯ ಸುತ್ತ, ಬೆನ್ನ ಹಿಂದೆ, ಕಾಲ ಕೆಳಗೆ ಬೀಸಿ, ಸರಿಯಾದ ಗಳಿಗೆಯಲ್ಲಿ ಬಟ್ಟಲಿಗೆ ಹೊಡೆಯಬೇಕು. ನಿಂತು, ಕೂತು, ಮಲಗಿ, ಒಬ್ಬರ ಮೇಲೊಬ್ಬರು ಹತ್ತಿ ಬೀಸುವ ಪಟ್ಟುಗಳಿವೆ. ನೋಡುವವರಿಗೆ ಇದು ಕಾಳಗದಂತೆಯೇ ಕಾಣುತ್ತದೆ.

ವಿಡಿಯೋ ಗೇಮಿನ ಹುಡುಗನಿಗೂ ಕಂಸಾಳೆಯವನಿಗೂ ಹೋಲಿಕೆ ಇರುವುದು ಇಲ್ಲಿ. ಇಬ್ಬರಿಗೂ ಕ್ಷಣದ ಲೆಕ್ಕ ತಪ್ಪುವಂತಿಲ್ಲ. ಇಬ್ಬರದೂ ಸಾವಿರ ಸಲ ಮಾಡಿ ಕೈಗೆ ಹತ್ತಿಸಿಕೊಂಡ ಕಲೆ. ಆದರೆ ವ್ಯತ್ಯಾಸವೂ ಇಲ್ಲೇ ಇದೆ. ಬೀಸು ಕಂಸಾಳೆಯಲ್ಲಿ ನನ್ನ ತಾಳ ನನ್ನ ಬಟ್ಟಲಿಗೆ ಮಾತ್ರವಲ್ಲ, ಪಕ್ಕದವನ ಬಟ್ಟಲಿಗೂ ಬಡಿಯಬೇಕು. ನಾನು ತಪ್ಪಿದರೆ ಅವನ ತಲೆಗೆ ಏಟು ಬೀಳುತ್ತದೆ. ಒಬ್ಬನೇ ಗೆಲ್ಲುವ ದಾರಿ ಅಲ್ಲಿ ಇಲ್ಲ. ಕೋಟೆಯೊಳಗಿನ ಡಾಂಟೆಗೆ ಹರಳಯ್ಯನ ಅಗತ್ಯ ಬೀಳುವುದಿಲ್ಲ, ಅಂಕವೆಲ್ಲ ಅವನೊಬ್ಬನದೇ.

ಇಫ್ರೀತ್‌ನ ಪ್ರಯಾಣ

ಮುಸ್ಲಿಮ್ ಓದುಗರಿಗೆ ಈ ಜಪಾನೀ ಆಟದಲ್ಲಿ ಒಂದು ಪರಿಚಿತ ಹೆಸರು ಎದುರಾಗುತ್ತದೆ. ಡಾಂಟೆಗೆ ಸಿಗುವ ಆಯುಧಗಳಲ್ಲೊಂದು ಬೆಂಕಿ ಉಗುಳುವ ಕೈಕವಚ. ಅದರ ಹೆಸರು 'ಇಫ್ರೀತ್'. ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನ್ (ಅ) ಅವರ ಆಸ್ಥಾನದ ಪ್ರಸಂಗ ಬರುತ್ತದೆ. ಸಬಾದ ರಾಣಿಯ ಸಿಂಹಾಸನವನ್ನು ಯಾರು ತರುವಿರಿ ಎಂದು ಕೇಳಿದಾಗ, ತಾವು ಆಸನದಿಂದ ಏಳುವ ಮೊದಲೇ ತರುತ್ತೇನೆ ಎಂದು ಮುಂದೆ ಬಂದವನು ಜಿನ್ನ್‌ಗಳಲ್ಲಿ ಒಬ್ಬ ಇಫ್ರೀತ್. ಅಲ್ಲಿ ಅವನು ಶಕ್ತಿಶಾಲಿ, ಆದರೆ ಖಳನಲ್ಲ. ಜಿನ್ನ್‌ಗಳಲ್ಲಿ ಸಜ್ಜನರೂ ಇದ್ದಾರೆ, ಅಲ್ಲದವರೂ ಇದ್ದಾರೆ ಎಂಬುದನ್ನು ಅಲ್‌ಜಿನ್ನ್ ಅಧ್ಯಾಯ ಅವರ ಬಾಯಿಂದಲೇ ಹೇಳಿಸುತ್ತದೆ. ಅಂದರೆ ಕಣ್ಣಿಗೆ ಕಾಣದ ಸೃಷ್ಟಿಯನ್ನೂ ಕುಲದ ಲೆಕ್ಕದಲ್ಲಿ ಒಟ್ಟಾಗಿ ಕೆಟ್ಟದ್ದೆಂದು ತೀರ್ಮಾನಿಸುವಂತಿಲ್ಲ. ಮುಂದೆ ಅರಬ್ ಜನಪದ ಕತೆಗಳಲ್ಲಿ ಇಫ್ರೀತ್ ಭಯಂಕರನಾದ, ಇಂದಿನ ಆಟಗಳಿಗೆ ಬರುವಷ್ಟರಲ್ಲಿ ಬರೀ ಬೆಂಕಿಯಾಗಿ ಉಳಿದ. ಹೆಸರೊಂದು ದೂರ ಪ್ರಯಾಣ ಮಾಡಿದಾಗ ಅದರ ಒಳಗಿನ ವಿವೇಕ ದಾರಿಯಲ್ಲಿ ಉದುರಿ, ಭಯ ಮಾತ್ರ ಉಳಿಯುತ್ತದೆ. ಇದು ಜಿನ್ನ್‌ಗಳಿಗಷ್ಟೇ ಆಗುವುದಲ್ಲ, ಮನುಷ್ಯ ಸಮುದಾಯಗಳಿಗೂ ಆಗುತ್ತದೆ.

ಮೂರನೆಯ ಬೇಟೆ

ಏಳುಮಲೆಯ ಕಾಡಿನಲ್ಲಿ ನಡೆದ ಮೂರನೆಯ ಬೇಟೆ ಕತೆಯಲ್ಲ. ಇಂದಿನ ಹನೂರು ತಾಲೂಕಿಗೆ ಸೇರಿದ ಗೋಪಿನಾಥಂ ವೀರಪ್ಪನ್‌ನ ಊರು. ಅವನ ಕ್ರೌರ್ಯಕ್ಕೆ ಸಾಕ್ಷಿ ಬೇಕಿಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಈ ಊರಿನಲ್ಲಿ ಜನರಿಗೆ ಔಷಧಿ, ನೀರಿನ ಸೌಕರ್ಯ ಒದಗಿಸಿ, ಮಾರಿಯಮ್ಮನ ಗುಡಿಗೆ ನೆರವಾಗಿ, ಅವನನ್ನು ಮಾತಿನಿಂದ ಶರಣಾಗಿಸಬಹುದೆಂದು ನಂಬಿದ್ದರು. ಶರಣಾಗುವೆನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಹೋದ ಅವರನ್ನು 1991ರ ನವೆಂಬರ್ 10ರಂದು ಅವನು ಕೊಂದ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಹೊಂಚು ಹಾಕಿ ಎಸ್ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರನ್ನು ಕೊಂದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಜನ ಬಲಿಯಾದರು. ಮಾಜಿ ಸಚಿವ ಎಚ್. ನಾಗಪ್ಪ 2002ರ ಆಗಸ್ಟ್ 25ರಂದು ಕಾಮಗೆರೆಯ ತಮ್ಮ ಮನೆಯಿಂದ ಅಪಹೃತರಾಗಿ ಹೆಣವಾಗಿ ಸಿಕ್ಕರು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡು ಪೊಲೀಸರ ಗುಂಡಿಗೆ ವೀರಪ್ಪನ್ ಸತ್ತ. ಆ ರಾತ್ರಿಗೆ ಬೇಟೆ ಮುಗಿಯಿತೆಂದು ದೇಶ ಭಾವಿಸಿತು.

ಆದರೆ ಆ ಹದಿಮೂರು ವರ್ಷಗಳಲ್ಲಿ ಎರಡು ರಾಜ್ಯಗಳ ವಿಶೇಷ ಪಡೆಗಳ ಶಿಬಿರಗಳಿಗೆ ಹಿಡಿದು ಒಯ್ಯಲ್ಪಟ್ಟವರಲ್ಲಿ ಸೋಲಿಗರು, ಕೂಲಿಗಳು, ದನ ಮೇಯಿಸುವವರು, ಹೆಂಗಸರು ಇದ್ದರು. ಕಾಡಿನ ಅಂಚಿನಲ್ಲಿ ಬದುಕಿದ್ದೇ ಅವರ ಮೇಲಿನ ಅನುಮಾನಕ್ಕೆ ಸಾಕಾಯಿತು. ರಾತ್ರಿ ಅವನ ಕಡೆಯವರು ಬಂದು ಅಕ್ಕಿ ಕೇಳಿದರೆ ಕೊಡದೆ ಉಳಿಯುವಂತಿರಲಿಲ್ಲ. ಬೆಳಗಾದರೆ ಕೊಟ್ಟದ್ದಕ್ಕೆ ಪೊಲೀಸರಿಗೆ ಉತ್ತರ ಹೇಳಬೇಕಿತ್ತು. ಟಾಡಾ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಹೆಚ್ಚಿನವರನ್ನು 2001ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು. ಬಂಧನ, ಚಿತ್ರಹಿಂಸೆ, ಅತ್ಯಾಚಾರದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ತಮಗೇನಾಯಿತೆಂದು ಹೇಳಲು ಜನ ಹೆದರುತ್ತಲೇ ಸಮಿತಿಯ ಮುಂದೆ ಬಂದರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ನೀಡುವಂತೆ ಹೇಳಿತು.

ಯಾವ ಬೆಟ್ಟದ ಕತೆಯಲ್ಲಿ ರಾಕ್ಷಸ ಸತ್ತೊಡನೆ ಸೆರೆಯವರೆಲ್ಲ ಬಿಡುಗಡೆಯಾಗುತ್ತಾರೋ, ಅದೇ ಬೆಟ್ಟದಲ್ಲಿ ರಾಕ್ಷಸನನ್ನು ಹಿಡಿಯುವ ನೆಪದಲ್ಲಿ ನಿರಪರಾಧಿಗಳು ಸೆರೆಯಾದರು. ಮಾದಪ್ಪನ ಕತೆ ಅಧಿಕಾರಿಗಳಿಗೆ ತಿಳಿದಿರಲಿಲ್ಲ ಎಂದೇನಲ್ಲ. ಬೆಟ್ಟಕ್ಕೆ ಹೋದವರೆಲ್ಲ ಕೈ ಮುಗಿದೇ ಹೋದರು. ಕತೆಗೆ ಕೈ ಮುಗಿಯುವುದು ಬೇರೆ, ಕತೆಯ ಮಾತು ಕೇಳುವುದು ಬೇರೆ. ಈಗ ಆ ಬೇಟೆಯೂ ನೋಡುವ ಸರಕಾಗಿದೆ. 2013ರಲ್ಲಿ 'ಅಟ್ಟಹಾಸ' ಚಲನಚಿತ್ರ ಬಂತು, 2023ರಲ್ಲಿ 'ದಿ ಹಂಟ್ ಫಾರ್ ವೀರಪ್ಪನ್' ಎಂಬ ಸಾಕ್ಷ್ಯಚಿತ್ರ ಸರಣಿ ಬಂತು. ಬೇಟೆಗಾರ ಮತ್ತು ಬೇಟೆ, ಇಬ್ಬರ ಹೆಸರೂ ಎಲ್ಲರಿಗೂ ಗೊತ್ತು. ಆ 89 ಜನರ ಹೆಸರು ಯಾರಿಗೂ ಗೊತ್ತಿಲ್ಲ.

ಮಕ್ಕಳ ಕೈಯಿಂದ ಆಟ ಕಿತ್ತುಕೊಳ್ಳುವುದರಿಂದ ಹೆಚ್ಚೇನೂ ಆಗದು. ಪಕ್ಕದಲ್ಲಿ ಕೂತು ಒಂದೆರಡು ಪ್ರಶ್ನೆ ಕೇಳಬಹುದು. ಇವನನ್ನು ರಾಕ್ಷಸ ಎಂದವರು ಯಾರು? ಇವನು ಮಾಡಿದ್ದೇನು? ಇವನು ಸತ್ತ ಮೇಲೆ ಯಾರಿಗೆ ಬಿಡುಗಡೆಯಾಯಿತು? ಕಂಸಾಳೆಯವರು ಅಕ್ಷರ ಬಾರದ ಸಭೆಗೆ ಕಲಿಸಿದ ಪಾಠ ಇದು. ಪತ್ರಿಕೆ ಓದುವ, ಟಿ.ವಿ. ನೋಡುವ, ದಿನಕ್ಕೊಬ್ಬ ಹೊಸ ರಾಕ್ಷಸನ ಪರಿಚಯ ಮಾಡಿಸಿಕೊಳ್ಳುವ ದೊಡ್ಡವರಾದ ನಾವೂ ಈ ಪ್ರಶ್ನೆಗಳನ್ನು ಒಮ್ಮೆ ಕೇಳಿಕೊಳ್ಳಬೇಕಾಗಿದೆ.